ಮೈಸೂರಿನ ವಿಶೇಷ ಶಾಲೆ: ಮಣ್ಣಿನ ತರಗತಿಗೇ ನನ್ನ ಮೊದಲ ಓಟು

ನನ್ನ ಮಗಳಿಗೆ ಆಟಿಸಂ. ಒದ್ದೆ ವಸ್ತು ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಇಲ್ಲಿನ ಟೀಚರ್ ಒತ್ತಾಯ ಮಾಡಲೇ ಇಲ್ಲ. ಮೊದಲು ಒಣ ರಾಗಿಯಲ್ಲಿ ಬೆರಳಾಡಿಸಿದರು, ಆಮೇಲೆ ರಾಗಿ ಹಿಟ್ಟು, ಆಮೇಲೆ ಕಲಸಿದ ಹಿಟ್ಟು, ಕೊನೆಗೆ ಜೇಡಿಮಣ್ಣು. ದೀಪಾವಳಿಗೆ ಅವಳೇ ಹಣತೆ ಮಾಡಿದಳು, ಅಂಚಿನಲ್ಲಿ ಹೆಬ್ಬೆರಳ ಗುರುತು ಹಾಗೇ ಇದೆ. ಕಾರಂಜಿ ಕೆರೆಗೆ ಕರೆದೊಯ್ಯುವ ಹಿಂದಿನ ದಿನವೇ ಬಸ್ಸು, ಹಕ್ಕಿಗಳು, ಊಟದ ಡಬ್ಬಿ ಅಂತ ಚಿತ್ರಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತಾರೆ. ಮುಂದೇನು ಅಂತ ಗೊತ್ತಿದ್ದರೆ ಇವಳಿಗೆ ಗಾಬರಿ ಕಡಿಮೆ. ತೋಟದ ಕೆಲಸವೂ ಚೆನ್ನಾಗಿದೆ. ತಮಟೆ ತರಗತಿ ಮಾತ್ರ ಬದಲಾಗಲೇಬೇಕು. ತಗಡಿನ ಸೂರಿನ ಕೋಣೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಎಷ್ಟೋ ಮಕ್ಕಳು ಕಿವಿ ಮುಚ್ಚಿಕೊಂಡು ಅಳುತ್ತವೆ. ಬಯಲಲ್ಲಿ, ನಾಲ್ಕೈದು ಮಕ್ಕಳಂತೆ ನಡೆಸಿ ಎಂದು ಕೇಳಿದ್ದೇನೆ.