ಪೆರು ಪ್ಯಾಕೇಜಿನ ಎರಡನೇ ದಿನವೇ ಮಳೆಬಿಲ್ಲಿನ ಬೆಟ್ಟ ಇದೆಯಾ? ಮುಂಗಡ ಕೊಡಬೇಡಿ

ಮೊದಲ ದಿನ ಲಿಮಾದಿಂದ ಕುಸ್ಕೊ. ಎರಡನೇ ದಿನ ಮಳೆಬಿಲ್ಲಿನ ಬೆಟ್ಟ, ಅಂದರೆ ವಿನಿಕುಂಕ. ಮೂರನೇ ದಿನ ಇಂಕಾಗಳ ಹಾಳೂರು ಮಾಚು ಪಿಚ್ಚು. ಅಗ್ಗದ ಪ್ಯಾಕೇಜುಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ ಇದು. ಪ್ರವಾಸ ಕೆಡುವುದೂ ಇದರಿಂದಲೇ, ಎತ್ತರಕ್ಕೆ ಮೈ ಒಗ್ಗುವ ಮೊದಲೇ ಇನ್ನೂ ಮೇಲೆ ಹತ್ತಿಸುತ್ತಾರೆ.

ಲಿಮಾ ಕಡಲತಡಿಯ ಊರು. ಅಲ್ಲಿಂದ ಹೊರಟ ವಿಮಾನ ಒಂದೂವರೆ ಗಂಟೆಯೊಳಗೆ ನಿಮ್ಮನ್ನು 3,300 ಮೀಟರ್ ಎತ್ತರದ ಕುಸ್ಕೊದಲ್ಲಿ ಇಳಿಸುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್, ಲೆಕ್ಕ ಹಾಕಿಕೊಳ್ಳಿ. ಇಳಿದ ಮೊದಲ ಕೆಲವು ಗಂಟೆ ಏನೂ ಅನಿಸುವುದಿಲ್ಲ, ಜನ ಮೋಸಹೋಗುವುದು ಅಲ್ಲೇ. ‘ನಮಗೇನೂ ಆಗ್ಲಿಲ್ಲ’ ಅಂತ ಹೊಟ್ಟೆ ಬಿರಿಯೆ ಉಂಡು, ಒಂದು ಬಿಯರ್ ಏರಿಸಿ, ಸಂಜೆಗೆ ಸಕ್ಸಾಯ್‌ವಾಮನ್ ಕೋಟೆ ಹತ್ತುತ್ತಾರೆ. ರಾತ್ರಿ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಬರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆಲ್ಲ ವ್ಯಾನು ಬಾಗಿಲಿಗೆ ಬಂದಿರುತ್ತದೆ.

ವಿನಿಕುಂಕದ ತುದಿ 5,000 ಮೀಟರಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತಡಿಯಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ‘ಕುದುರೆ ಸಿಗುತ್ತೆ ಸಾರ್’ ಅನ್ನುತ್ತಾರೆ ಏಜೆಂಟರು. ಕುದುರೆಯಿಂದ ಕಾಲುನೋವು ತಪ್ಪುತ್ತದೆ, ಗಾಳಿ ದಪ್ಪವಾಗುವುದಿಲ್ಲ. ಕ್ಯಾನಿನಲ್ಲಿ ಮಾರುವ ಆಮ್ಲಜನಕವೂ ಕೆಲವು ನಿಮಿಷದ ಸಮಾಧಾನವೇ.

ತಮಾಷೆ ಏನೆಂದರೆ, ಎಲ್ಲರೂ ಎತ್ತರದ್ದು ಅಂದುಕೊಳ್ಳುವ ಮಾಚು ಪಿಚ್ಚು ಇರುವುದು 2,430 ಮೀಟರಿನಲ್ಲಿ, ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ಕೆಳಗೆ. ಹಾಗಾಗಿ ವಿಮಾನ ಇಳಿದವರು ಕುಸ್ಕೊದಲ್ಲಿ ನಿಲ್ಲದೆ ಕಾರು ಹಿಡಿದು 2,800 ಮೀಟರಿನ ಒಲ್ಲಾಂಟಾಯ್ಟಾಂಬೊಗೆ ಇಳಿಯಬೇಕು. ಎರಡು ರಾತ್ರಿ ಅಲ್ಲಿ ಮಲಗಿ, ರೈಲಿನಲ್ಲಿ ಮಾಚು ಪಿಚ್ಚು ಮುಗಿಸಿ, ಆಮೇಲೆ ಕುಸ್ಕೊದಲ್ಲಿ ಎರಡು ರಾತ್ರಿ. ವಿನಿಕುಂಕ ಕಟ್ಟಕಡೆಗೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಇದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರಂತೂ ಮೊದಲೇ ಹೇಳಿ.

ಜೊತೆಯವರಿಗೆ ಎತ್ತರ ಒಗ್ಗುತ್ತಿಲ್ಲ ಅಂತ ಅನುಮಾನ ಬಂದರೆ ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕೆಳಗಿಳಿಸಿ, ಆಸ್ಪತ್ರೆಗೆ ಸೇರಿಸಿ.

ಇನ್ನು ಟಿಕೆಟ್. ‘ಮಾಚು ಪಿಚ್ಚು ಪ್ರವೇಶ ಸೇರಿದೆ’ ಎಂಬ ಸಾಲನ್ನು ನಂಬಿ ಸುಮ್ಮನಾಗಬೇಡಿ, ಯಾವ ಸರ್ಕ್ಯೂಟ್, ಅಂದರೆ ಒಳಗೆ ಸುತ್ತುವ ನಿಗದಿತ ದಾರಿ ಯಾವುದು ಅಂತ ಬರಹದಲ್ಲಿ ಕೇಳಿ. ಫೋಟೋಗಳಲ್ಲಿ ಕಾಣುವ ಮೇಲಿನ ನೋಟ, ಊರೊಳಗಿನ ಓಡಾಟ ಎರಡೂ ಬೇಕಿದ್ದರೆ ಸರ್ಕ್ಯೂಟ್ 2. ಸರ್ಕ್ಯೂಟ್ 1ರಲ್ಲಿ ಮೇಲಿಂದ ನೋಡಿ ಹಿಂತಿರುಗುವುದಷ್ಟೇ, 3ರಲ್ಲಿ ಕೆಳಭಾಗ ಮಾತ್ರ. 2 ಬೇಗ ಖಾಲಿಯಾಗುತ್ತದೆ. ತಡವಾಗಿ ಬುಕ್ ಮಾಡುವ ಏಜೆಂಟರು ಉಳಿದದ್ದನ್ನು ಕೊಡುತ್ತಾರೆ, ಅದು ಗೊತ್ತಾಗುವುದು ಗೇಟಿನಲ್ಲಿ. ಒಳಗೆ ದಾರಿ ಬದಲಿಸಲು ಬಿಡುವುದಿಲ್ಲ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಹೆಸರು ಅದರಲ್ಲಿರುವಂತೆಯೇ ಇರಬೇಕು. ಇನಿಷಿಯಲ್ ಇರುವ ನಮ್ಮ ಹೆಸರುಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮಾಚು ಪಿಚ್ಚುವಿಗೆ ನಡೆದು ಹೋಗುವ ನಾಲ್ಕು ದಿನದ ಇಂಕಾ ಚಾರಣದ ಹಾದಿ ಫೆಬ್ರುವರಿಯಲ್ಲಿ ಮುಚ್ಚಿರುತ್ತದೆ, ಆ ತಿಂಗಳಿಗೆ ಯಾರಾದರೂ ಅದರ ಪರ್ಮಿಟ್ ಮಾರಿದರೆ ಅದು ವಂಚನೆ.

ವಾಪಸ್ ಬರುವಾಗಿನದೂ ಒಂದಿದೆ. ಭಾರತದ ಪಟ್ಟಿಯಲ್ಲಿ ಪೆರು ಹಳದಿ ಜ್ವರದ ದೇಶ. ಅಲ್ಲಿಂದ ಹೊರಟು 6 ದಿನದೊಳಗೆ ಇಲ್ಲಿ ಇಳಿದರೆ ಲಸಿಕೆಯ ಹಳದಿ ಪುಸ್ತಕ ತೋರಿಸಬೇಕು, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ಕೋಕಾ ಎಲೆಯ ಚಹಾ ಅಲ್ಲಿ ಹೋಟೆಲಿನಲ್ಲೇ ಕೊಡುತ್ತಾರೆ, ಕುಡಿಯಿರಿ. ನೆನಪಿಗೆ ಅಂತ ಒಂದು ಟೀ ಬ್ಯಾಗನ್ನೂ ಬ್ಯಾಗಿಗೆ ಹಾಕಬೇಡಿ, 1985ರ ಮಾದಕವಸ್ತು ಕಾಯ್ದೆಯಡಿ ಕೋಕಾ ಎಲೆಯೂ ಬರುತ್ತದೆ.