ತೋರಣಾ–ರಾಜಗಡದ ಮೂರು ದಿನದ ಸುತ್ತು ಮತ್ತು ಪುಣೆಯ ಒಂದು ಚಾರಣ ಮಳಿಗೆ

ಧಾರವಾಡ ಕಡೆಯ ಹಿರಿಯರೊಬ್ಬರು ಪುಣೆಯಲ್ಲಿ ನಡೆಸುವ ಸಣ್ಣ ಮಳಿಗೆಯೊಂದರಲ್ಲಿ ಟೆಂಟ್, ಸ್ಲೀಪಿಂಗ್ ಬ್ಯಾಗ್, ಬೆನ್ನಿಗೆ ಹಾಕುವ ದೊಡ್ಡ ಚೀಲಗಳು ಬಾಡಿಗೆಗೆ ದೊರೆಯುತ್ತವೆ. ಕೇಳಿದವರಿಗೆ ಚಾರಣದ ದಾರಿಯನ್ನೂ ಅವರು ಬರೆದುಕೊಡುತ್ತಾರೆ. ಕಳೆದ ಫೆಬ್ರವರಿಯಲ್ಲಿ ನಾವು ನಾಲ್ವರು ಗೆಳೆಯರು, ಪುಣೆ ಜಿಲ್ಲೆಯ ವೆಲ್ಹೆ ಎಂಬ ಊರಿನಿಂದ 1,403 ಮೀಟರ್ ಎತ್ತರದ ತೋರಣಾ ಕೋಟೆಯನ್ನು ಹತ್ತಿ, ಅದರ ಬುಧಲಾ ಮಾಚಿಯಿಂದ (ಮಾಚಿ ಎಂದರೆ ಕೋಟೆಯಿಂದ ಹೊರಚಾಚಿದ, ಗೋಡೆ ಕಟ್ಟಿದ ಭಾಗ) ಇಳಿದು ಬೆಟ್ಟದ ಏಣಿನ ಮೇಲೆಯೇ ರಾಜಗಡ ಕೋಟೆಗೆ ನಡೆದು, ಗುಂಜವಣೆ ಹಳ್ಳಿಯ ಮೂಲಕ ಮರಳಿ ವೆಲ್ಹೆ ಸೇರಬೇಕೆಂದು ನಿಶ್ಚಯಿಸಿ ಅವರ ಬಳಿಗೆ ಹೋದೆವು.

ನಕ್ಷೆ ಬಿಚ್ಚಿದ ಕೂಡಲೇ ಅವರು ಹೇಳಿದ್ದು, "ನೀರ ಎಲ್ಲೈತಿ ಅನ್ನೂದನ್ನ ಮೊದಲ ಗುರುತ ಮಾಡ್ರಿ, ಹಾದಿ ಆಮ್ಯಾಲೆ." ಈ ಒಂದು ಮಾತಿಗಾಗಿಯೇ ನಾನು ಈ ಮಳಿಗೆಯನ್ನು ಮೆಚ್ಚುತ್ತೇನೆ. ಸಹ್ಯಾದ್ರಿಯಲ್ಲಿ ಮಳೆ ಎಷ್ಟೇ ಸುರಿದರೂ ಚಳಿಗಾಲ ಮುಗಿಯುವ ಹೊತ್ತಿಗೆ ಏಣಿನ ಮೇಲಿನ ಝರಿಗಳು ಬತ್ತಿರುತ್ತವೆ. ಉಳಿಯುವುದು ಕೋಟೆಗಳಲ್ಲಿ ಬಂಡೆ ಕೊರೆದು ಮಾಡಿದ ದೊಣೆಗಳು ಮತ್ತು ಕೆರೆಗಳು. ಆದ್ದರಿಂದ ಮೊದಲ ರಾತ್ರಿಯನ್ನು ತೋರಣಾದ ಮೆಂಗಾಯಿ ಗುಡಿಯ ಬಳಿ, ಎರಡನೆಯದನ್ನು ರಾಜಗಡದ ಪದ್ಮಾವತಿ ಕೆರೆಯ ಹತ್ತಿರ ಇಟ್ಟು, ನಡುವಿನ ಇಡೀ ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರನ್ನು, ಅಂದರೆ ನಾಲ್ಕು ಕಿಲೋ ಭಾರವನ್ನು, ಮೊದಲೇ ಲೆಕ್ಕಕ್ಕೆ ಹಿಡಿದರು. ಆ ಭಾರಕ್ಕಾಗಿ ನಮ್ಮ ಬಟ್ಟೆಗಳ ಅರ್ಧ ಪಾಲನ್ನು ಅಲ್ಲಿಯೇ ತೆಗೆಸಿದರು. ಹೊತ್ತಿನ ಲೆಕ್ಕವನ್ನೂ ಬರೀ ದೂರದಿಂದ ಹಾಕಲಿಲ್ಲ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ, ಅದರ ಮೇಲೆ ಕಾಡಿನ ಕಲ್ಲುದಾರಿಗೆಂದು ಅರ್ಧದಷ್ಟು ಹೆಚ್ಚುವರಿ. ಎರಡನೆಯ ದಿನ ರಾಜಗಡದ ಸಂಜೀವನಿ ಮಾಚಿಯ ಬಾಗಿಲಾದ ಆಳು ದರವಾಜಾ ತಲುಪಿದಾಗ ಇನ್ನೂ ಬಿಸಿಲಿತ್ತು.

ಕೋಟೆಯ ಮೇಲೆ ತಂಗಲು ಅನುಮತಿ ಇದೆಯೇ ಎಂದು ಹೊರಡುವ ವಾರವೇ ವಿಚಾರಿಸಬೇಕೆಂದೂ, ಒಣಹುಲ್ಲಿನ ಕಾಲದಲ್ಲಿ ಸೌದೆಯ ಬೆಂಕಿ ಕೂಡದೆಂದೂ, ರಾಜಗಡದ ಸುವೇಳಾ ಮಾಚಿಯ ಕಡೆ ಹೆಜ್ಜೇನು ಇರುವುದರಿಂದ ಹೊಗೆಯಾಗಲಿ ಅತ್ತರಾಗಲಿ ಬೇಡವೆಂದೂ ಅವರು ಎಚ್ಚರಿಸಿದ್ದರು. ಚೀಲದ ಸೊಂಟಪಟ್ಟಿಯನ್ನು ಒಬ್ಬೊಬ್ಬರಿಗೂ ತೊಡಿಸಿ, ಭಾರ ಭುಜದಿಂದ ಸೊಂಟಕ್ಕೆ ಇಳಿಯುವವರೆಗೆ ಸರಿಪಡಿಸಿದ್ದು ಎರಡನೆಯ ದಿನ ಉಪಕಾರಕ್ಕೆ ಬಂತು.

ಕೊರತೆಯೂ ಇತ್ತು. ಒಂದು ಟೆಂಟಿನ ಜಿಪ್ ಮೊದಲ ರಾತ್ರಿಯೇ ಕೈಕೊಟ್ಟಿತು. ಬಾಡಿಗೆಗೆ ಕೊಡುವ ಮುನ್ನ ಬಿಚ್ಚಿ ನೋಡಬೇಕಿತ್ತು. ಅದಕ್ಕಿಂತ ದೊಡ್ಡ ತಪ್ಪು ಕೊನೆಯ ದಿನದ್ದು: ಗುಂಜವಣೆಯಿಂದ ಸಾಖರ್, ಮಾರ್ಗಾಸನಿ ದಾಟಿ ವೆಲ್ಹೆಗೆ ಹೋಗುವ ಡಾಂಬರು ದಾರಿಯನ್ನೂ ನಡಿಗೆಯೆಂದೇ ಬರೆದಿದ್ದರು. ಮೂರನೆಯ ಮಧ್ಯಾಹ್ನ, ನೆರಳಿಲ್ಲದ ರಸ್ತೆಯಲ್ಲಿ, ಸೋತ ಮೊಣಕಾಲುಗಳಿಗೆ ಅದು ತೀರ ಹೆಚ್ಚಾಯಿತು. ನವೆಂಬರಿನಲ್ಲಿ ಇದೇ ಸುತ್ತಿಗೆ ಇದೇ ಮಳಿಗೆಯಿಂದ ಮತ್ತೆ ಹೊರಡಲಿದ್ದೇವೆ. ಗುಂಜವಣೆಗೆ ಜೀಪೊಂದನ್ನು ಈಗಲೇ ಹೇಳಿಟ್ಟಿದ್ದೇವೆ.