ಗೋಡೆಗೆ ಹಾಕುವ ಬ್ಯಾರೋಮೀಟರ್: ಯಂತ್ರಕ್ಕೆ ಪೂರ್ತಿ ಅಂಕ, ಕೈಪಿಡಿಗೆ ಸೊನ್ನೆ

ಗಾಳಿಯ ಒತ್ತಡ ಅಳೆಯುವ ಈ ಬ್ಯಾರೋಮೀಟರನ್ನು ಆರು ತಿಂಗಳಿಂದ ಬಳಸ್ತಾ ಇದ್ದೇನೆ. ಗಡಿಯಾರದ ಥರ ದುಂಡಗೆ, ಮುಳ್ಳು ಇರುವಂಥದ್ದು, ಬ್ಯಾಟರಿ ಬೇಡ. ಯಂತ್ರ ನನಗೆ ತುಂಬಾ ಇಷ್ಟವಾಗಿದೆ. ಆದರೆ ಜೊತೆಗೆ ಬಂದ ಕೈಪಿಡಿಯಿಂದ ಮೊದಲ ವಾರ ಪೂರ್ತಿ ಹಾಳಾಯಿತು.

ಡಯಲ್ ಮೇಲೆ 960ರಿಂದ 1060 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ತನಕ ಗೆರೆಗಳಿವೆ. ಗೋಡೆಗೆ ಹಾಕಿದ ತಕ್ಷಣ ಮುಳ್ಳು ಎಡಗಡೆಯ ಕೊನೆಗೆ ಹೋಗಿ ಕೂತಿತು. ಕೆಟ್ಟಿದೆ ಅಂತ ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಅದು ತೋರಿಸಿದ್ದು ಸರಿಯೇ! ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸರಾಸರಿ 1013.25 ಹೆಕ್ಟೋಪಾಸ್ಕಲ್, ಅಲ್ಲಿಂದ ಸುಮಾರು 8 ಮೀಟರ್ ಮೇಲೆ ಹತ್ತಿದರೆ 1 ಕಡಿಮೆಯಾಗುತ್ತದೆ, ನಮ್ಮ ಮನೆಯಂತೆ ಸುಮಾರು 900 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ 910ರ ಹತ್ತಿರ ಬಂದಿರುತ್ತದೆ. ಹವಾಮಾನ ವರದಿಯವರು ಇದನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತಂದು ಹೇಳುತ್ತಾರೆ. ನಾವೂ ಹಾಗೇ ಮಾಡಬೇಕು. ಹಿಂದುಗಡೆ ಒಂದು ಸಣ್ಣ ಸ್ಕ್ರೂ ಇದೆ, ಅದನ್ನು ನಿಧಾನವಾಗಿ ತಿರುಗಿಸಿ ಆ ಹೊತ್ತಿನ ವರದಿಯ ಅಂಕಿಗೆ ಮುಳ್ಳು ತಂದು ನಿಲ್ಲಿಸಿದರೆ ಮುಗಿಯಿತು. ಈ ಮಾತು ಕೈಪಿಡಿಯಲ್ಲಿ ಎಲ್ಲೂ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಬೇಜಾರು. 1 ಪಾಸ್ಕಲ್ ಅಂದರೆ 100 ಹೆಕ್ಟೋಪಾಸ್ಕಲ್ ಅಂತ ಅಚ್ಚಾಗಿದೆ, ಪೂರ್ತಿ ತಲೆಕೆಳಗು. ಹೆಕ್ಟೋ ಅಂದರೇ ನೂರು, ನೂರು ಪಾಸ್ಕಲ್ ಸೇರಿದರೆ ಒಂದು ಹೆಕ್ಟೋಪಾಸ್ಕಲ್. ಪಾಸ್ಕಲ್ ಅನ್ನೋದು ಬಹಳ ಚಿಕ್ಕ ಅಳತೆ. ಒಂದು ಬಿಳಿ ಹಾಳೆ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದರೆ ಎಷ್ಟು ಒತ್ತುತ್ತದೋ, ಹೆಚ್ಚುಕಮ್ಮಿ ಅಷ್ಟೇ. ನಮ್ಮ ಸುತ್ತಲಿನ ಗಾಳಿ ಅಂಥ ಒಂದು ಲಕ್ಷ ಹಾಳೆಗಳಷ್ಟು ಒತ್ತುತ್ತಿದೆ ಅಂತ ಕೈಪಿಡಿಯಲ್ಲಿ ಬರೆದಿದ್ದರೆ ಮಕ್ಕಳೂ ಕಣ್ಣರಳಿಸಿ ಓದುತ್ತಿದ್ದರು ಅಲ್ವಾ? ಹಳೆಯ ಮಿಲಿಬಾರ್ ಮತ್ತು ಹೆಕ್ಟೋಪಾಸ್ಕಲ್ ಎರಡೂ ಒಂದೇ, ಅದನ್ನೂ ಹೇಳಿಲ್ಲ.

ಡಯಲ್‌ನ ಒಳಗಿನ ಸುತ್ತಿನಲ್ಲಿ ಪಾದರಸದ ಮಿಲಿಮೀಟರ್ ಲೆಕ್ಕ ಇದೆ. ನನಗೆ ಅದೇ ಜಾಸ್ತಿ ಪ್ರೀತಿ. 1643ರಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿಯ ಗಾಜಿನ ಕೊಳವೆಯಲ್ಲಿ ಗಾಳಿಯ ಒತ್ತಡಕ್ಕೆ ಪಾದರಸ ಸುಮಾರು 760 ಮಿಲಿಮೀಟರ್ ಎತ್ತರಕ್ಕೆ ನಿಂತಿತು. 1648ರಲ್ಲಿ ಫ್ರೆಂಚ್ ವಿಜ್ಞಾನಿ ಪಾಸ್ಕಲ್ ಹೇಳಿದಂತೆ ಅವನ ಅಕ್ಕನ ಗಂಡ ಪೆರಿಯೆ ಅಂಥ ಕೊಳವೆಯನ್ನು ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟಕ್ಕೆ ಹೊತ್ತುಕೊಂಡು ಹೋದ. ಮೇಲೆ ಹೋದಾಗ ಪಾದರಸ ಇಳಿದಿತ್ತು. ನನ್ನ ಮುಳ್ಳು ಎಡಕ್ಕೆ ಹೋಗಿ ಕೂತಿದ್ದೂ ಇದೇ ಕಾರಣಕ್ಕೆ! ಅಳತೆಗೆ ಪಾಸ್ಕಲ್ ಹೆಸರು ಬಂದಿದ್ದು ಮಾತ್ರ 1971ರಲ್ಲಿ.

ಇದರೊಳಗೆ ಪಾದರಸ ಇಲ್ಲ. ಗಾಳಿ ತೆಗೆದ ತೆಳು ಲೋಹದ ಡಬ್ಬಿ ಇದೆ, ಅದು ಕುಗ್ಗಿ ಹಿಗ್ಗಿದಂತೆ ಮುಳ್ಳು ಓಡುತ್ತದೆ. ವರದಿಗೂ ಇದಕ್ಕೂ 1–2 ಹೆಕ್ಟೋಪಾಸ್ಕಲ್ ವ್ಯತ್ಯಾಸ ಬರುತ್ತದೆ, ಅಷ್ಟೇ. ಡಯಲ್ ಮೇಲಿನ ಮಳೆ, ಬಿಸಿಲು ಅನ್ನುವ ಪದಗಳನ್ನು ನಂಬಬೇಡಿ. ಮುಳ್ಳು ಎಷ್ಟು ಬೇಗ ಇಳಿಯುತ್ತಿದೆ ಅನ್ನೋದು ಮುಖ್ಯ. ಅದಕ್ಕಾಗಿ ಕೈಯಲ್ಲಿ ತಿರುಗಿಸುವ ಇನ್ನೊಂದು ಮುಳ್ಳು ಕೊಟ್ಟಿದ್ದಾರೆ, ರಾತ್ರಿ ಅದನ್ನು ಗುರುತಿಗೆ ಇಟ್ಟು ಬೆಳಿಗ್ಗೆ ಎದ್ದು ಹೋಲಿಸಿ ನೋಡುವುದೇ ಒಂದು ಖುಷಿ.

ಕೊಳ್ಳುವವರು ಎತ್ತರದ ಜಾಗದಲ್ಲಿದ್ದರೆ ಹಿಂದಿನ ಸ್ಕ್ರೂ ಎಷ್ಟು ಮೀಟರ್ ತನಕ ಸರಿಹೊಂದುತ್ತದೆ ಅಂತ ಮೊದಲೇ ಕೇಳಿ. ನನ್ನದು 1000 ಮೀಟರ್ ತನಕ. ಕೈಪಿಡಿಯ ತಪ್ಪಿನ ಬಗ್ಗೆ ತಯಾರಕರಿಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.